ಅಕ್ಕನ ತೂಕದ ಸ್ಪ್ರಿಂಗು

ನಮ್ಮ ಭಾವನ ಕೆಲಸ ತಕ್ಕಡಿ ರಿಪೇರಿ. ಯಾವ ಅಂಗಡಿಯ ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಇವರಿಗೇ ಕರೆ ಬರುತ್ತದೆ. ಮುಳ್ಳು ನೆಟ್ಟಗಾಗುವವರೆಗೆ ಉಸಿರು ಬಿಗಿಹಿಡಿದು ಕೂರುವ ಈ ಮನುಷ್ಯ, ಮನೆಗೆ ಬಂದರೆ ಸಾಕು, ಎಲ್ಲಾ ಕಣ್ಣಳತೆ! ಸಾರಿಗೆ ಹಾಕುವ ಉಪ್ಪೂ ಕಣ್ಣಳತೆ, ಗೋಡೆಗೆ ಹೊಡೆಯುವ ಮೊಳೆಯೂ ಕಣ್ಣಳತೆ. ನಮ್ಮನೆ ಪಟಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿವೆ, ಅದಿರಲಿ ಬಿಡಿ.

ಅವರಿಗೆ ಎರಡು ಪ್ರಾಣ. ಒಂದು ನನ್ನ ಅಕ್ಕ, ಇನ್ನೊಂದು ಮದುವೆಗಿಂತ ಹಳೆಯದಾದ ಬೈಕು. ಹೋದ ವರ್ಷ ಅಕ್ಕ ಕಾಯಿಲೆ ಬಿದ್ದಳು. ನೋಡಿಕೊಳ್ಳೋಕೆ ಅಂತ ಬಂದ ನಾನು ಇಲ್ಲೇ ಉಳಿದೆ. ಆಸ್ಪತ್ರೆ, ಔಷಧಿ, ಹಾಸಿಗೆ ಎಲ್ಲ ಮುಗಿದು ಅವಳು ಎದ್ದು ಓಡಾಡುವಂತಾದಳು. ಆದರೆ ಬೈಕು ಹತ್ತಿದರೆ ಮಾತ್ರ ಎತ್ತಿ ಎತ್ತಿ ಕುಕ್ಕಿ ಬೆನ್ನು ಮುರಿದುಹೋಗುವಷ್ಟು ನೋವು. ಕೊನೆಗೆ ಹೇಳಿಯೇಬಿಟ್ಟಳು: "ಇನ್ನೊಂದೇ ಸಲ ಹತ್ತೀನಿ, ರಸ್ತೆ ಮೂಲೆವರೆಗೆ. ಆಗಲೂ ನೋವಾದ್ರೆ ಈ ಜನ್ಮದಲ್ಲಿ ಇದರ ಮೇಲೆ ಕೂರಲ್ಲ. ನೀವೂ ನಿಮ್ಮ ಬೈಕೂ ಸುಖವಾಗಿರಿ."

ಭಾವನ ಮುಖ ನೋಡಬೇಕಿತ್ತು! ಬೈಕು ಅಂತ ಒಂದಿರುವುದೇ ಅವಳನ್ನು ಕೂರಿಸಿಕೊಂಡು ಹೋಗೋಕೆ ಅಂತ ನಂಬಿರುವ ಮನುಷ್ಯ ಅವರು.

ಭಾನುವಾರ ಬೆಳಿಗ್ಗೆಯೇ ಬೈಕನ್ನು ಅಂಗಳದಲ್ಲಿ ನಿಲ್ಲಿಸಿಕೊಂಡರು. ಹಿಂದಿನ ಚಕ್ರದ ಎರಡೂ ಕಡೆ ಸ್ಪ್ರಿಂಗು, ಅದರ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ. ಕೊಕ್ಕೆ ಪಾನಾ ಹಾಕಿ ಆ ಬಳೆ ತಿರುಗಿಸಿದರೆ ಸ್ಪ್ರಿಂಗು ಬಿಗಿ, ಹಿಂದಕ್ಕೆ ತಿರುಗಿಸಿದರೆ ಮೆತ್ತಗೆ. ಭಾರಕ್ಕೆ ಬಿಗಿ, ಹಗುರಕ್ಕೆ ಮೆತ್ತಗೆ. ಇಷ್ಟೇ ವಿದ್ಯೆ.

"ಸ್ಪ್ರಿಂಗು ಹಳೇದಾಗಿ ಸೋತಿದೆ, ಇನ್ನೂ ಬಿಗಿ ಬೇಕು" ಅಂತ ತೀರ್ಪು ಕೊಟ್ಟರು. ರಿಪೇರಿ ಕೋಣೆಯಿಂದ ಕಬ್ಬಿಣದ ತೂಕದ ಬಟ್ಟುಗಳನ್ನೆಲ್ಲ ಹೊತ್ತು ತಂದು, ಗೋಣಿಚೀಲಕ್ಕೆ ತುಂಬಿ, ಹಿಂದಿನ ಸೀಟಿಗೆ ಹಗ್ಗ ಹಾಕಿ ಬಿಗಿದರು.

ಅಕ್ಕ ಹೊರಗೆ ಬಂದಳು. "ಇದೇನ್ರೀ ಇದು?"

"ನೀನು."

"ನಾನಾ? ಗೋಣಿಚೀಲದಲ್ಲಾ?"

"ಅಳತೆಗೆ ಕಣೇ. ನಿನ್ನ ತೂಕ ನನಗೆ ಗೊತ್ತಿಲ್ವಾ?"

ನನಗೆ ರೇಗಿಹೋಯಿತು. "ಅಲ್ಲ ಭಾವ, ಜೀವಂತ ಹೆಂಡ್ತಿ ಎದುರಿಗೇ ನಿಂತಿರೋವಾಗ ಆ ಕಬ್ಬಿಣದ ಸವತಿ ಯಾಕೆ? ಚೀಲ ಇಳಿಸಿ, ಅವಳನ್ನೇ ಕೂರಿಸಿ!"

ಗೊಣಗುತ್ತಾ ಇಳಿಸಿದರು. ನಾನು ಹ್ಯಾಂಡಲ್ ಹಿಡಿದೆ, ಅಕ್ಕ ಹತ್ತಿದಳು. ಕೂತರೆ ಹಿಂಭಾಗ ಎರಡು ಬೆರಳಷ್ಟು ಇಳಿಯಬೇಕು. ಭಾವ ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದರು.

"ಕೂತ್ಕೊಳ್ಳೇ."

"ಕೂತಿದೀನಿ."

"ಕಾಲು ಊರಬೇಡ, ಪೂರ್ತಿ ಕೂತ್ಕೋ."

"ಕಾಲು ಎತ್ತೇ ಇದೀನಿ ರೀ. ಪೂರ್ತಿ ಕೂತಿದೀನಿ. ಇರೋದೇ ಇಷ್ಟು ನಾನು."

ಸ್ಪ್ರಿಂಗು ಅಲ್ಲಾಡಿರಲಿಲ್ಲ.

ಅವಳ ಬಟ್ಟೆಗಳ ಹೊಲಿಗೆಯನ್ನು ಮತ್ತೆ ಮತ್ತೆ ಒಳಕ್ಕೆ ಹಾಕಿಕೊಟ್ಟವಳು ನಾನು, ನನಗೆ ಗೊತ್ತಿತ್ತು. ಇವರು ಮಾತ್ರ ದಿನಾ ಎದುರಿಗೆ ಕೂತು ಉಂಡರೂ ಹಳೇ ಅಕ್ಕನನ್ನೇ ನೋಡಿಕೊಂಡಿದ್ದರು, ಪಾಪ. ಬಾಯಿಗೆ ಬಂದಿದ್ದ ಬೈಗುಳ ನುಂಗಿಕೊಂಡೆ.

ಭಾವ ಪಾನಾ ಕೈಗೆತ್ತಿಕೊಂಡರು. ಅವಳನ್ನು ಇಳಿಸಿ, ಎರಡೂ ಕಡೆ ಒಂದು ಮೆಟ್ಟಿಲು ಸಡಿಲ ಮಾಡಿ, ಮತ್ತೆ ಕೂರಿಸಿದರು. ಇಳಿಯಲಿಲ್ಲ. ಇನ್ನೊಂದು. ಊಹೂಂ. "ಇದೇನು ಹತ್ತಿಸೋದು ಇಳಿಸೋದು, ನಾನೇನು ಸಾಮಾನಾ?" ಅಂತ ಅಕ್ಕ ನಗುತ್ತಲೇ ಇದ್ದಳು. ಕಟ್ಟಕಡೆಯ ಮೆಟ್ಟಿಲಿಗೆ ಬಂದಾಗ ಅಂತೂ ಎರಡು ಬೆರಳು ಇಳಿಯಿತು.

"ಸಿಕ್ತು" ಅಂದರು. ಅಂಗಿ ತೋಳಿಗೆ ಕಣ್ಣೊರೆಸಿಕೊಂಡರು. ತಲೆ ಎತ್ತಲೇ ಇಲ್ಲ.

ಅಕ್ಕ ಸೀಟಿನಿಂದಲೇ ಬಗ್ಗಿ ಅವರ ತಲೆಯ ಮೇಲೆ ಕೈ ಇಟ್ಟಳು. "ಅಯ್ಯ, ಅಳ್ತಾರಾ ಇದಕ್ಕೆ? ದಪ್ಪ ಆಗ್ತೀನಿ ಬಿಡಿ. ಆಗ ಬಿಗಿ ಮಾಡುವಿರಂತೆ."

ಹೊರಟರು. ನಾನು ಗೇಟು ಹಿಡಿದು ನೋಡುತ್ತಾ ನಿಂತೆ. ಹೊಂಡ ಬಂತು, ದಾಟಿತು. ಮೂಲೆ ಬಂತು. ಭಾವ ಮಾತಿಗೆ ಕಟ್ಟುಬಿದ್ದವರಂತೆ ಬೈಕು ನಿಲ್ಲಿಸಿ ಒಂದು ಕಾಲು ಊರಿದರು. ಅಕ್ಕ ಇಳಿಯಲಿಲ್ಲ.

"ನಿಲ್ಲಿಸ್ತೀರಿ ಯಾಕೆ?" ಅಂತ ಅವಳು ಗದರಿದ್ದು ಇಡೀ ಬೀದಿಗೆ ಕೇಳಿಸಿತು. "ನಡೀರಿ ಮುಂದೆ!"