ಎರಡೂ ಬಲತೋಳಿನ ರವಿಕೆ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ದಪ್ಪಗೆ ಚರ್ಮ ಗಟ್ಟಿಯಾಗಿತ್ತು. ನಲವತ್ತು ವರ್ಷ ಕತ್ತರಿ ಹಿಡಿದ ಗುರುತು. ಬೈಯುವಾಗ ಆ ಹೆಬ್ಬೆರಳಿನಿಂದಲೇ ನಮ್ಮ ಹಣೆ ಒತ್ತುತ್ತಿದ್ದರು, ಮೆಚ್ಚಿದಾಗಲೂ ಅಷ್ಟೇ. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರಲ್ಲ, ಒತ್ತಿದ್ದು ಯಾತಕ್ಕೆಂದು ಕಣ್ಣು ನೋಡಿಯೇ ತಿಳಿಯಬೇಕಿತ್ತು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ತಮ್ಮ ಮನೆಯ ಮುಂಗೋಣೆಯಲ್ಲಿ ಅವರು ಹೊಲಿಗೆ ಕಲಿಸುತ್ತಿದ್ದರು. ನಮಗೆಲ್ಲ ಅವರು ‘ಮಿಸ್ಸು’. ಗುಬ್ಬಿ ಕಡೆಯ ಕ್ರೈಸ್ತರು, ಮದುವೆಯಾಗಿರಲಿಲ್ಲ. ನಾನು ದಿನಾ ನಿಟ್ಟೂರಿನಿಂದ ರೈಲಿನಲ್ಲಿ ಬರುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಸುಳ್ಳೇಕೆ ಹೇಳಲಿ, ಹೊಲಿಗೆ ಕಲಿಯುವ ಆಸೆಗಿಂತ “ಏನಾದ್ರೂ ವಿಶೇಷ ಇದ್ಯಾ?” ಎಂದು ಮನೆಗೆ ಬಂದು ಕೇಳುವವರಿಂದ ತಪ್ಪಿಸಿಕೊಳ್ಳುವ ಆಸೆ ದೊಡ್ಡದಿತ್ತು.

ಮಿಸ್ಸಿನದೊಂದು ಕಟ್ಟಳೆ. ಯಾವ ಬಟ್ಟೆಯೇ ಆಗಲಿ, ಕತ್ತರಿ ಹಾಕುವ ಮೊದಲು ತೊಡುವವರ ಹೆಸರನ್ನು ಚೀಟಿಯಲ್ಲಿ ಬರೆದು ಪಿನ್ನು ಹಾಕಬೇಕು. ಕಲಿಯುವವರ ತುಂಡುಬಟ್ಟೆಗೂ ರಿಯಾಯಿತಿ ಇಲ್ಲ. “ಯಾರಿಗೆ ಅಂತ ಗೊತ್ತಿಲ್ದೆ ಕತ್ತರಿಸಿದ್ರೆ ಅದು ಚಿಂದಿ ಕಣೇ” ಎನ್ನುತ್ತಿದ್ದರು. ಒಮ್ಮೆ ನಾನು ಕೀಟಲೆಗೆ ‘ಇಲಿಗೆ’ ಎಂದು ಬರೆದಿದ್ದೆ. “ಎಲ್ಲಿ, ಇಲಿ ಸೊಂಟದ ಅಳತೆ ತಗೊಂಬಾ” ಎಂದು ಟೇಪು ಕೈಗಿಟ್ಟಿದ್ದರು.

ಒಂದು ಸೋಮವಾರ ನನಗೆ ಬಿಳಿ ಬಟ್ಟೆ ಕೊಟ್ಟು ರವಿಕೆ ಕತ್ತರಿಸಲು ಹೇಳಿದರು. ಬಟ್ಟೆಯ ಮೇಲ್ಮುಖಕ್ಕೆ ಮಾತ್ರ ಕಸೂತಿ ಹೂಗಳಿದ್ದವು, ಹಿಂಬದಿ ಬೋಳು. ಚೀಟಿಯಲ್ಲಿ ಅವರದೇ ಹೆಸರು. ಹಿಂದಿನ ದಿನ ನಾನು ಕುಣಿಗಲ್‌ಗೆ, ನಾದಿನಿಯ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ, ನನ್ನ ಅತ್ತೆಯ ಅಕ್ಕ ಅಡ್ಡ ಬಂದು “ನೀನ್ ಬುಡವ್ವ, ಮೊದ್ಲು ಮಕ್ಳಿರೋರು ಎತ್ಕೊಳ್ಲಿ” ಅಂದಿದ್ದರು. ತಲೆಯಲ್ಲಿ ಅದೇ ಮಾತು ಕೊರೆಯುತ್ತಿತ್ತು. ಬಟ್ಟೆಯನ್ನು ಮಡಿಸಿ ಕತ್ತರಿಸಿದ್ದರೆ ಎಡ ಬಲ ತಾನಾಗಿ ಬರುತ್ತಿತ್ತು. ನಾನು ಒಂದು ತೋಳು ಕತ್ತರಿಸಿ, ಅದನ್ನೇ ಮಗುಚದೆ ಅಳತೆಗಿಟ್ಟು ಇನ್ನೊಂದನ್ನೂ ಕತ್ತರಿಸಿದೆ. ಎರಡೂ ಬಲಗೈಯವು! ಕಸೂತಿ ಇದ್ದುದರಿಂದ ಮಗುಚಿ ಹಾಕುವಂತಿಲ್ಲ, ಮಿಕ್ಕ ಬಟ್ಟೆಯೂ ಇಲ್ಲ.

“ಅಯ್ಯೋ ಮಿಸ್, ಹಾಳ್ ಮಾಡ್ಬುಟ್ಟೆ” ಎಂದು ಗೊಳೋ ಎಂದು ಅತ್ತೆ. ಕುಣಿಗಲ್‌ನಲ್ಲಿ ಆದದ್ದೂ ಹೊರಗೆ ಬಂತು. “ನಾನು ಹುಟ್ಟಿದ್ದಾದ್ರೂ ಏನಕ್ಕೆ ಮಿಸ್?”

ಅವರು ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟರು.

“ನಿಟ್ಟೂರಲ್ಲಿ ರೈಲು ಹತ್ತಿದ್ಯಲ್ಲ, ಕಡ್ಲೆಕಾಯಿ ತಿನ್ನೋಕಾ?”

“ಇಲ್ಲಿಗೆ ಬರೋಕೆ.”

“ಹ್ಞಾಂ. ದಾರೀಲಿ ಕಡ್ಲೆಕಾಯಿ ಸಿಕ್ಲಿಲ್ಲ ಅಂತ ಪ್ರಯಾಣನೇ ದಂಡ ಅಂತೀಯಾ?”

ನನಗೆ ಸಿಟ್ಟು ಬಂತು. “ಮಕ್ಳು ಅಂದ್ರೆ ಕಡ್ಲೆಕಾಯಾ ಮಿಸ್?”

ಅವರು ನನ್ನ ಪಕ್ಕಕ್ಕೆ ಬಂದು ಕೂತರು. “ತಪ್ಪಾಯ್ತು ಮಗ. ನಂಗೂ ಬೇಕಿತ್ತು ಮಕ್ಳು. ಎಷ್ಟೋ ಅತ್ತಿದೀನಿ. ಆದ್ರೆ ನಾವು ಹುಟ್ಟಿರೋದು ಅದಕ್ಕಲ್ಲ ಕಣೇ. ದೇವ್ರು ನಮ್ಮನ್ನ ಮಾಡಿರೋದು ತನಗೋಸ್ಕರ. ಒಂದಿನ ಅವ್ರ ಮುಖ ಕಣ್ತುಂಬ ನೋಡ್ಬೇಕು, ಅವ್ರ ಜೊತೆ ಇರ್ಬೇಕು, ಅಷ್ಟೇ. ಮಿಕ್ಕಿದ್ದು ಕೊಟ್ರೆ ಸಂತೋಷ. ಕೊಡ್ಲಿಲ್ಲ ಅಂತ ನೀನು ಚಿಂದಿ ಆಗಲ್ಲ. ನಿನ್ನ ಚೀಟೀಲಿ ಅವ್ರ ಹೆಸ್ರಿದೆ.”

“ಹಂಗಾದ್ರೆ ನಾನೂ ಚರ್ಚಿಗೆ ಬರ್ಬೇಕಾ?”

“ರವಿಕೆ ಹೊಲಿಯೋಕೆ ಬಂದಿದೀಯ, ಮೊದ್ಲು ಅದನ್ನ ಕಲಿ” ಎಂದು ಹಣೆ ಒತ್ತಿದರು.

ಅದು ತಮ್ಮನ್ನು ಮಣ್ಣು ಮಾಡುವ ದಿನಕ್ಕೆಂದು ಎತ್ತಿಟ್ಟಿದ್ದ ಬಟ್ಟೆ ಎಂದು ಆಮೇಲೆ ಹೇಳಿದರು. ಬೇರೆ ಬಟ್ಟೆ ತರುತ್ತೇನೆಂದು ನಾನು ಗೋಗರೆದರೂ ಕೇಳದೆ, ಅವೇ ತೋಳುಗಳನ್ನು ನನ್ನ ಕೈಯಲ್ಲೇ ಹೊಲಿಸಿದರು. ಎಡಗಡೆ ಸುಕ್ಕುಸುಕ್ಕಾಗಿ ಎಳೆಯುತ್ತಿತ್ತು. ಹಾಗೇ ಇಸ್ತ್ರಿ ಮಾಡಿ ಟ್ರಂಕಿನಲ್ಲಿಟ್ಟರು.

ಈಗ ನಿಟ್ಟೂರಿನಲ್ಲಿ ನನ್ನದೇ ಹೊಲಿಗೆ ಅಂಗಡಿಯಿದೆ. ಚೀಟಿಯಿಲ್ಲದೆ ಕತ್ತರಿ ಮುಟ್ಟುವುದಿಲ್ಲ. ಹುಟ್ಟಿದ್ದು ಏನಕ್ಕೆ ಎಂದು ಆಮೇಲೆ ನಾನು ಯಾರನ್ನೂ ಕೇಳಿಲ್ಲ. ಹೋದ ವರ್ಷ ಅವರು ಹಾಸಿಗೆ ಹಿಡಿದಾಗ, ಒಂದು ಎಳೆಯೂ ಆಚೀಚೆಯಾಗದ ಹಾಗೆ ಹೊಸ ಬಿಳಿ ರವಿಕೆ ಹೊಲಿದು ತೆಗೆದುಕೊಂಡು ಹೋದೆ. ತಿರುಗಿಸಿ ಮುರುಗಿಸಿ ನೋಡಿ, ಅದೇ ಹೆಬ್ಬೆರಳಿನಿಂದ ಹಣೆ ಒತ್ತಿದರು.

“ಹುಷಾರಾದ್ರೆ ಭಾನುವಾರ ಚರ್ಚಿಗೆ ಹಾಕ್ಕೋತೀನಿ. ಕೊನೇ ದಿನಕ್ಕೆ ಹಳೇದೇ.”

“ದೇವ್ರ ಮುಂದೆ ಆ ಸೊಟ್ಟ ತೋಳಲ್ಲಿ ನಿಂತ್ಕೋತೀರಾ ಮಿಸ್?”

“ನೆಟ್ಟಗಿದ್ರೆ ಯಾರು ಕೇಳ್ತಾರೆ? ಆ ಸೊಟ್ಟ ತೋಳು ನೋಡಿದ್ರೆ ‘ಯಾರೇ ಹೊಲ್ದಿದ್ದು?’ ಅಂತ ದೇವ್ರು ಕೇಳೇ ಕೇಳ್ತಾರೆ. ಆಗ ನಿನ್ನ ಹೆಸ್ರು ಹೇಳ್ತೀನಿ.”

ಎಂಟು ದಿನಕ್ಕೆ ಅವರು ಹೋದರು. ಅವರ ತಂಗಿ ನನಗೇ ಫೋನು ಮಾಡಿ ಕರೆಸಿದರು. ಟ್ರಂಕಿನಿಂದ ರವಿಕೆ ತೆಗೆದು ನಾನೇ ತೊಡಿಸಿದೆ. ಎಡತೋಳಿನ ಸುಕ್ಕನ್ನು ನೀವಿ ಸರಿಮಾಡಲು ಕೈ ಹೋಯಿತು. ಹಾಗೇ ಬಿಟ್ಟೆ. ದೇವರು ಕೇಳಬೇಕಲ್ಲ.