ಕತ್ತಿ ಹಿಡಿದವನ ಸೀನು

ಕ್ಷೌರಿಕನಿಗೆ ತನ್ನ ಬಗ್ಗೆ ಇದ್ದ ಜಂಬ ಒಂದೇ. ತನ್ನ ಕತ್ತಿಯ ಕೆಳಗೆ ಗಿರಾಕಿಗಳು ನಿದ್ದೆ ಹೋಗುತ್ತಾರೆ ಎನ್ನುವುದು. ಕೆನ್ನೆಗೆ ನೊರೆ ಹಚ್ಚಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಸಾಕು, ಮನೆಯಲ್ಲಿ ಮಾತ್ರೆ ನುಂಗಿದರೂ ಕಣ್ಣು ಮುಚ್ಚದವರು ಇಲ್ಲಿ ಗೊರಕೆ ಹೊಡೆಯುತ್ತಿದ್ದರು.

"ಕುತ್ತಿಗೆ ಕೊಟ್ಟು ಮಲಗ್ತಾರೆ ಕಣೇ! ಹೆತ್ತ ತಾಯಿ ಮೇಲೂ ಇಷ್ಟು ನಂಬಿಕೆ ಇರಲ್ಲ" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

"ನಿಮ್ಮ ಮಾತು ಕೇಳಿದ್ರೆ ಯಾರಿಗೆ ತಾನೇ ನಿದ್ದೆ ಬರಲ್ಲ" ಎನ್ನುತ್ತಿದ್ದಳು ಅವಳು.

ಅಂಥವನಿಗೆ ಒಂದು ನೆಗಡಿ ಬಂತು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣ ನೆಗಡಿ. ಜ್ವರವಿಲ್ಲ, ಮೈಕೈ ನೋವಿಲ್ಲ, ಹಾಸಿಗೆ ಹಿಡಿದು ನಾಲ್ಕು ಜನರಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳುವ ಭಾಗ್ಯವೂ ಇಲ್ಲ. ಬಂದಷ್ಟೇ ಸದ್ದಿಲ್ಲದೆ ಹೋಯಿತು. ಸೀನು ಮಾತ್ರ ಉಳಿದುಕೊಂಡಿತು. ಅಪ್ಪನ ಕಾಲದಿಂದ ಬಳಸುತ್ತಿದ್ದ ಅದೇ ಪೌಡರ್ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮೂಗು ಕೆರಳುತ್ತಿತ್ತು.

"ವೈರಸ್ಸು ಹೋಗಿದೆ" ಎಂದರು ಡಾಕ್ಟರಮ್ಮ. "ಅದನ್ನ ಓಡಿಸೋಕೆ ಎದ್ದ ಕಾವಲುಗಾರರು ನಿಮ್ಮ ಮೈಯೊಳಗೆ ಇನ್ನೂ ಮಲಗಿಲ್ಲ ಅನ್ಸುತ್ತೆ. ಕೆಲವರಿಗೆ ಹೀಗಾಗುತ್ತೆ. ಪೌಡರ್ ಬಂದ್ರೂ ಕಳ್ಳ ಬಂದ ಅಂತ ಮೇಲೆ ಬೀಳ್ತಾರೆ."

"ಯಾವಾಗ ಮಲಗ್ತಾರಮ್ಮಾ?"

"ತಿಂಗಳುಗಟ್ಟಲೆ ಆಗ್ಬಹುದು, ಇನ್ನೂ ಹೆಚ್ಚೇ ಆಗ್ಬಹುದು. ಮೊದಲು ಆ ಡಬ್ಬಿ ಆಚೆ ಹಾಕಿ."

ಊರಿಗೆಲ್ಲ ನಿದ್ದೆ ಬರಿಸುವ ಮಹಾಶಯ ತಾನು, ತನ್ನ ಮೈಯೊಳಗಿನವರನ್ನು ಮಲಗಿಸಲು ಬರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಹಂಗಿಸಿಕೊಂಡು ಬಂದ.

ಡಬ್ಬಿ ಅಂದೇ ಆಚೆ ಹೋಯಿತು. ಆದರೆ ಕತ್ತರಿಸಿದ ಕೂದಲಿನ ಪುಡಿಯನ್ನು ಎಲ್ಲಿಗೆ ಕಳಿಸುವುದು? ಒಂದು ದಿನ ಶಾಲೆಯ ಮೇಷ್ಟ್ರ ಗಂಟಲ ಮೇಲೆ ಕತ್ತಿಯಿರುವಾಗಲೇ ಸೀನು ಬಂದುಬಿಟ್ಟಿತು. ಕೈಯನ್ನು ಸರಕ್ಕನೆ ಮೇಲೆತ್ತಿದ್ದರಿಂದ ಒಂದು ಗೀರೂ ಆಗಲಿಲ್ಲ. ಆದರೆ ಮೇಷ್ಟ್ರು ಕಣ್ಣು ಬಿಟ್ಟರು, ಸುದ್ದಿ ಬೀದಿಗೆಲ್ಲ ಹಬ್ಬಿತು. ಆಮೇಲೆ ಆ ಕುರ್ಚಿಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ಇವನ ಮೂಗನ್ನೇ ದಿಟ್ಟಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿಯೂ ಅದನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಇನ್ನು ಕತ್ತಿ ಮುಟ್ಟುವುದೇ ಬೇಡ, ಬರೀ ಕತ್ತರಿ ಸಾಕು ಎಂದು ತೀರ್ಮಾನಿಸಿದ.

ಆಗ ಬಂದವನು ಡ್ರೈವರಜ್ಜ. ಬಸ್ಸು ಓಡಿಸಿ ನಿವೃತ್ತನಾದವನು, ಗೊರಕೆಯಲ್ಲಿ ಈ ಅಂಗಡಿಯಲ್ಲೇ ಮೊದಲಿಗ.

"ಇವತ್ತು ಕಟಿಂಗ್ ಮಾತ್ರ ಅಜ್ಜಾ. ನನ್ನ ಮೂಗಿನ ಕಥೆ ಕೇಳಿರ್ಬೇಕಲ್ಲ."

"ಕೇಳಿದೀನಿ. ನಾನೂ ಬಸ್ ಓಡಿಸ್ತಾ ಸೀನಿದೀನಿ ಕಣೋ, ಹಿಂದೆ ಬಸ್ ತುಂಬ ಜನ ಮಲಗಿದ್ರು. ಸೀನು ಬರೋ ಮುಂಚೆ ಗೊತ್ತಾಗುತ್ತಲ್ಲ, ಆಗ ಗಾಡಿ ನಿಲ್ಸು. ಬೇಗ ನೊರೆ ಹಚ್ಚು, ನಾನು ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನ ಆಯ್ತು!"

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಮೂಗು ತುರಿಸತೊಡಗಿತು. ಕ್ಷೌರಿಕ ಕತ್ತಿಯನ್ನು ಕಟ್ಟೆಯ ಮೇಲಿಟ್ಟು ಬೀದಿಗೆ ಓಡಿದ. ಮಲಗಿದ್ದ ನಾಯಿ ಎದ್ದು ಓಡುವಂತೆ ಒಂದರ ಹಿಂದೊಂದು ಸೀನಿದ. ಅಜ್ಜ ಖಂಡಿತ ಎದ್ದು ಹೋಗಿರುತ್ತಾನೆ ಅಂದುಕೊಂಡೇ ಒಳಗೆ ಬಂದ.

ಅಜ್ಜ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು, ಕುತ್ತಿಗೆ ಚಾಚಿ, ಬಾಯಿ ಬಿಟ್ಟು ಗೊರಕೆ ಹೊಡೆಯುತ್ತಿದ್ದ.

ಉಳಿದ ಕೆನ್ನೆ ಮುಗಿಸಿ ಎಬ್ಬಿಸಿದಾಗ ಅಜ್ಜ ಕನ್ನಡಿಯಲ್ಲಿ ಇವನನ್ನು ನೋಡಿ, "ಯಾಕೋ, ಅಳ್ತಿದೀಯಾ?" ಎಂದ.

"ಅಳು ಎಲ್ಲಿಂದ ಬರ್ಬೇಕು ಅಜ್ಜಾ, ಕಣ್ಣಿಗೆ ಪೌಡರ್ ಬಿತ್ತು."

ಪೌಡರ್ ಡಬ್ಬಿ ಆಚೆ ಹೋಗಿ ಎಷ್ಟೋ ಕಾಲವಾಗಿತ್ತು.