ನಾನು ಹೋಗದ ಕೋಣೆಯ ಮಾತುಕತೆ

ಮೊನ್ನೆ ಬುಧವಾರ ಅಮ್ಮನ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಜೋಗುಪಾಳ್ಯದ ನಮ್ಮ ಬೀದಿಯ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಯಾರದೋ ಗುರುತಿನ ಚೀಟಿಯನ್ನು ಲ್ಯಾಮಿನೇಷನ್ ಯಂತ್ರಕ್ಕೆ ತೂರಿಸಿದಳು. ಪ್ಲಾಸ್ಟಿಕ್ ಬಿಸಿಯಾಗುವಾಗ ಬರುವ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಯಾರೂ ಅದನ್ನು ಮೆಚ್ಚಿ ಮೂಸುವುದಿಲ್ಲ, ಹಾಗೆಂದು ಮೂಗು ಮುಚ್ಚಿಕೊಳ್ಳುವಷ್ಟು ಕೆಟ್ಟದ್ದೂ ಅಲ್ಲ. ನಾನು ಮಾತ್ರ ಜೆರಾಕ್ಸನ್ನೂ ತೆಗೆದುಕೊಳ್ಳದೆ ಹೊರಗೆ ಬಂದು ಎಳನೀರಿನ ಗಾಡಿಯ ಪಕ್ಕ ನಿಂತುಬಿಟ್ಟೆ.

ಯಾಕೆಂದು ಇದುವರೆಗೆ ಮನೆಯವರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಕೇಳಿ ಆಮೇಲೆ ಬೈಯಿರಿ.

ಕೆಲವು ವರ್ಷಗಳ ಹಿಂದೆ ಕೆ.ಆರ್. ಪುರದ ಆಚೆಗಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನಗೊಂದು ಹುದ್ದೆಯಿತ್ತು: ಇನ್‌ಕ್ಲೂಷನ್ ಮೇಟ್. ವಿದ್ಯಾರ್ಥಿನಿಯರಲ್ಲೇ ಮಹಡಿಗೊಬ್ಬಳನ್ನು ಆರಿಸುತ್ತಿದ್ದರು. ಯಾವ ಊರಿನ, ಯಾವ ಭಾಷೆಯ, ಯಾವ ಧರ್ಮದ ಹುಡುಗಿಯೇ ಆಗಲಿ, ಇಲ್ಲಿ ತಾನು ಹೊರಗಿನವಳು ಎಂದುಕೊಳ್ಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹುಡುಗಿಯರು ಅಷ್ಟುದ್ದದ ಹೆಸರನ್ನು ಕತ್ತರಿಸಿ ನಮ್ಮನ್ನು ‘ಮೇಟಕ್ಕ’ ಎನ್ನುತ್ತಿದ್ದರು. ಕೊರಳಿಗೊಂದು ಬಿಲ್ಲೆ ಬೇರೆ. ಅದನ್ನು ಹಾಕಿಕೊಂಡು ಮೆಸ್ಸಿಗೆ ಹೋದರೆ ನಾನು ಎರಡು ಅಂಗುಲ ಎತ್ತರವಾಗಿರುತ್ತಿದ್ದೆ.

ವರ್ಷದ ಮೊದಲ ಕೆಲಸ ಹೆಸರಿನ ಚೀಟಿ. ಪ್ರತಿ ಹುಡುಗಿಯ ಹೆಸರನ್ನು ಅವಳ ಮನೆಯ ಲಿಪಿಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿ ಬಾಗಿಲಿಗೆ ಅಂಟಿಸಬೇಕು. ತಮಿಳು, ಬಂಗಾಳಿ, ಉರ್ದು ಎಲ್ಲವನ್ನೂ ಫೋನ್ ನೋಡಿಕೊಂಡು ಚಿತ್ರ ಬಿಡಿಸಿದಂತೆ ಬರೆದೆ. ವಾರವಿಡೀ ಕಾರಿಡಾರಿನಲ್ಲಿ ಅದೇ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಆಮೇಲೆ ಹಬ್ಬಗಳು. ಯಾರನ್ನೂ ಬಿಡಬಾರದೆಂಬ ಹುಮ್ಮಸ್ಸಿನಲ್ಲಿ ಗುಡ್ ಫ್ರೈಡೇ ದಿನ ಕಾರಿಡಾರಿನ ತುಂಬ ಬಲೂನು ಕಟ್ಟಿದ್ದೆ. ಹಲಸೂರಿನ ಸ್ಟೆಲ್ಲಾ ಎಂಬ ಹುಡುಗಿ ಹಲ್ಲುಜ್ಜುತ್ತಾ ಬಂದವಳು ನಿಂತು ನೋಡಿದಳು.

“ಅಕ್ಕಾ, ಇವತ್ತು ಯೇಸು ಸತ್ತಿದ್ದು. ಅದಕ್ಕೆ ಬಲೂನಾ?”

ಒಂದೊಂದಾಗಿ ಬಿಚ್ಚಿದೆ. ನಾನು ಎಂಥ ಮೇಟಕ್ಕ ಎಂಬುದಕ್ಕೆ ಇಷ್ಟು ಸಾಕು. ಇಂಥ ತಪ್ಪಿಗೆ ಜನ ನಕ್ಕು ಸುಮ್ಮನಾಗುತ್ತಾರೆ. ಇನ್ನೊಂದು ತಪ್ಪು ನಗುವಂಥದ್ದಲ್ಲ.

ಪ್ರತಿ ಬುಧವಾರ ಸಂಜೆ ಐದು ಗಂಟೆಗೆ ನಾವು ಕೋಣೆಕೋಣೆಗೆ ಹೋಗಿ ಒಬ್ಬೊಬ್ಬಳ ಜೊತೆ ಹತ್ತು ನಿಮಿಷ ಕೂತು ಮಾತಾಡಬೇಕಿತ್ತು. ಆಮೇಲೆ ಒಂದು ಫಾರಂ: ಏನು ಮಾತಾಡಿದಳು, ಮನೆಯ ವಿಷಯ ಏನು ಹೇಳಿದಳು, ಹೇಗಿದ್ದಾಳೆ. ಅದು ವಾರ್ಡನ್ ಮೇಡಂ ಕೈಗೆ ಹೋಗಿ, ಅವರ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ನಮ್ಮ ಮಹಡಿಯ ಕಡೆಯ ಕೋಣೆ ಮುನ್ನೂರ ಇಪ್ಪತ್ತಾರು. ಅಲ್ಲಿ ಸಬೀಹಾ ಎಂಬ ಹುಡುಗಿ ಒಬ್ಬಳೇ ಇದ್ದಳು. ಫ್ರೇಜರ್ ಟೌನಿನವಳು, ಡಿಗ್ರಿ ಮೊದಲ ವರ್ಷ. ದಿನಾ ಟ್ರಾಫಿಕ್ಕಿನಲ್ಲಿ ಓಡಾಡುವುದು ಬೇಡವೆಂದು ಹಾಸ್ಟೆಲ್ಲು. ಇಷ್ಟು ಬಿಟ್ಟರೆ ನನಗೇನೂ ತಿಳಿಯದು. ಎರಡು ಸಲ ಬಾಗಿಲು ತಟ್ಟಿದೆ. ಎರಡು ಸಲವೂ ಒಳಗಿನಿಂದ “ಆಮೇಲೆ ಬರ್ತೀರಾ ಅಕ್ಕಾ?” ಎಂಬ ಸಣ್ಣ ದನಿ ಬಂತು. ಫಾರಂನಲ್ಲಿ ‘ಚೆನ್ನಾಗಿದ್ದಾಳೆ’ ಎಂದಷ್ಟೇ ಬರೆದುಕೊಟ್ಟೆ.

ಮೇಡಂ ಅದನ್ನು ಬೆರಳ ತುದಿಯಲ್ಲಿ ಹಿಡಿದರು. “ಈ ಖಾಲಿ ಫಾರಂ ತಗೊಂಡು ನಾನೇನ್ ಮಾಡ್ಲಮ್ಮ? ಹುಡುಗೀರು ಮನಸ್ಸು ಬಿಚ್ಚಿ ಮಾತಾಡ್ಬೇಕು. ಮಾತಾಡಿಸ್ಬೇಕು ನೀನು.”

ಮುಂದಿನ ಬುಧವಾರ ನಾನು ಬಾಗಿಲು ತಟ್ಟಲಿಲ್ಲ. ನನ್ನ ಮಂಚದ ಮೇಲೆ ಕೂತು, ಬಿಲ್ಲೆಯ ದಾರ ಕಚ್ಚುತ್ತಾ, ಸಬೀಹಾಳ ಮನೆಯನ್ನು ಕಟ್ಟಿದೆ. ಅಪ್ಪನಿಗೆ ಶಿವಾಜಿನಗರದಲ್ಲಿ ಬಳೆ ಅಂಗಡಿ. ಮನೆಯಲ್ಲಿ ಅಜ್ಜಿ, ಅವಳು ‘ದಾದಿ’ ಎನ್ನುತ್ತಾಳೆ. ದಾದಿ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಪಾರಿವಾಳಗಳಿಗೆ ಅಕ್ಕಿ ಹಾಕುತ್ತಾರೆ. ಬರೀ ಪಾರಿವಾಳವೆಂದರೆ ಯಾರು ನಂಬುತ್ತಾರೆ? ಅದರಲ್ಲಿ ಒಂದಕ್ಕೆ ಒಂದೇ ಕಾಲು ಎಂದು ಸೇರಿಸಿದೆ. ಅದು ಬರುವವರೆಗೆ ದಾದಿ ಚಹಾ ಕುಡಿಯುವುದಿಲ್ಲ. ಬರೆದು ಮುಗಿಸಿದಾಗ, ನಾಚಿಕೆಗೇಡು, ನನ್ನ ಕಣ್ಣಲ್ಲೇ ನೀರಿತ್ತು. ಮುಸ್ಲಿಂ ಹುಡುಗಿ ಎಂದರೆ ಬಳೆ ಅಂಗಡಿ, ದಾದಿ ಎಂದು ನನ್ನ ತಲೆಗೆ ಹೊಳೆದದ್ದೇ ಒಂದು ಪಾಠವಾಗಬೇಕಿತ್ತು. ಆಗ ಆಗಲಿಲ್ಲ. ಮೇಡಂ ಆ ಫಾರಂ ಮೆಚ್ಚಿ ನನ್ನ ಬೆನ್ನು ತಟ್ಟಿದರು. ಹೀಗೆ ಆರೇಳು ವಾರ ನಡೆಯಿತು.

ಆಮೇಲೊಂದು ಶನಿವಾರ ಬೆಳಿಗ್ಗೆ ಮಹಡಿಯವರೆಲ್ಲ ಸುತ್ತ ಕೂತು ತಮ್ಮ ತಮ್ಮ ಮನೆಯ ಬಗ್ಗೆ ಹೇಳುವ ಕಾರ್ಯಕ್ರಮ ಇಟ್ಟೆ. ಯಾವತ್ತೂ ಬಾರದ ಸಬೀಹಾ ಅಂದು ಬಂದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಅವತ್ತು. ಸರದಿ ಬಂದಾಗ ಕೈಕಟ್ಟಿಕೊಂಡು ಶುರು ಮಾಡಿದಳು.

“ನಮ್ಮಪ್ಪಂದು ಶಿವಾಜಿನಗರದಲ್ಲಿ ಬಳೆ ಅಂಗಡಿ. ಮನೇಲಿ ದಾದಿ ದಿನಾ ಪಾರಿವಾಳಕ್ಕೆ ಅಕ್ಕಿ ಹಾಕ್ತಾರೆ. ಒಂದಕ್ಕೆ ಒಂದೇ ಕಾಲು. ಅದು ಬರೋವರ್ಗೂ ದಾದಿ ಚಾ ಕುಡಿಯಲ್ಲ.”

ಹುಡುಗಿಯರು “ಅಯ್ಯೋ, ಪಾಪ” ಎಂದರು. ಹತ್ತೂವರೆಯ ಬಿಸಿಲು ಕಿಟಕಿಯಿಂದ ನೇರ ನನ್ನ ಮೇಲೆ ಬೀಳುತ್ತಿತ್ತು, ಆದರೂ ನಾನು ಪಕ್ಕಕ್ಕೆ ಸರಿಯದೆ ಅವಳನ್ನೇ ನೋಡುತ್ತಾ ಕೂತೆ. ಅವಳು ಹೇಳುತ್ತಾ ಹೋದಳು, ವಾರದ ಹಿಂದೆ ವಾರ, ನಾನು ಬರೆದ ಕ್ರಮದಲ್ಲೇ. ಒಂದೊಂದು ವಾಕ್ಯ ಮುಗಿದಾಗಲೂ, ಪಾಠ ಒಪ್ಪಿಸುವ ಮಗು ಟೀಚರನ್ನು ನೋಡುವಂತೆ, ನನ್ನನ್ನು ನೋಡುತ್ತಿದ್ದಳು.

ಫಾರಂ ಅವಳ ಕೈಗೆ ಹೇಗೋ ಸಿಕ್ಕಿರಬೇಕು ಎಂದುಕೊಂಡೆ. ಬೀರುವಿನ ಬೀಗದ ಕೈ ಮೇಡಂ ಸೊಂಟದಲ್ಲೇ ಇರುತ್ತಿತ್ತು ಎಂಬುದು ಗೊತ್ತಿದ್ದೂ ಹಾಗೆಂದುಕೊಂಡೆ. ಪರೀಕ್ಷಿಸಲು ಮುಂದಿನ ಬುಧವಾರ ಬರೆದೆ: ‘ಅಪ್ಪ ಕೊಟ್ಟ ಹಸಿರು ಗಾಜಿನ ಬಳೆ ತೊಡಬೇಕೆಂದು ಅವಳಿಗೆ ಆಸೆ.’ ಫಾರಂ ಯಾರಿಗೂ ಕೊಡದೆ ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗಿದೆ. ಗುರುವಾರ ಬೆಳಿಗ್ಗೆ ಮೆಸ್ಸಿನ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಬಳೆಗಳ ಸದ್ದು ಬಂತು. ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಅವತ್ತೇ ಹೋಗಿ ಆ ಬಾಗಿಲು ತಟ್ಟಿ ಒಳಗೆ ಕೂರಬೇಕಿತ್ತು. ನೀವಾಗಿದ್ದರೆ ಹಾಗೇ ಮಾಡುತ್ತಿದ್ದಿರಿ. ನನಗೆ ಹೆದರಿಕೆಯಾಯಿತು. ಹೇಗಾದರೂ ಅವಳಿಂದ ತಪ್ಪಿಸಿಕೊಂಡರೆ ಸಾಕೆನಿಸಿತು. ಮುಂದಿನ ಬುಧವಾರ ಕೊನೆಯ ಫಾರಂ ತುಂಬಿದೆ: ‘ಮಾತಾಡಲು ಏನೂ ಇಲ್ಲ. ನೆಮ್ಮದಿಯಾಗಿದ್ದಾಳೆ. ಇನ್ನು ಭೇಟಿ ಬೇಕಿಲ್ಲ.’ ಮೇಡಂ ಸಹಿ ಹಾಕಿದರು. ಪಟ್ಟಿಯಿಂದ ಒಂದು ಹೆಸರು ಕಡಿಮೆಯಾಯಿತು.

ಭಾನುವಾರ ಮಧ್ಯಾಹ್ನ ಕಾರಿಡಾರ್ ಗುಡಿಸುವ ಸೆಲ್ವಿಯಕ್ಕ ನನ್ನ ಕೋಣೆಗೆ ಬಂದರು. “ಅಮ್ಮಾ, ಆ ಕಡೇ ರೂಮಿನ್ ಹುಡ್ಗಿ ಮೂರ್ ದಿನದಿಂದ ಕಸದ ಬುಟ್ಟಿ ಆಚೆ ಇಟ್ಟಿಲ್ಲ. ಕರೆದ್ರೆ ಊಂ ಅನ್ನಲ್ಲ. ನಂಗ್ಯಾಕೋ ಸರಿ ಕಾಣ್ತಿಲ್ಲ.”

ಒಂದೇ ಮಹಡಿಯ ಹುಡುಗಿ ಮೂರು ದಿನ ಕಾಣದಿದ್ದದ್ದು ಬಿಲ್ಲೆ ಹಾಕಿಕೊಂಡವಳಿಗೆ ತಿಳಿಯಲಿಲ್ಲ, ಪೊರಕೆ ಹಿಡಿದವರಿಗೆ ತಿಳಿಯಿತು. ಮೇಡಂ ಬಂದು ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದರು. ಸಬೀಹಾ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ತುಟಿ ಒಡೆದಿತ್ತು. ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ, ಜ್ವರ ಸುಡುತ್ತಿತ್ತು. ಕೈಯಲ್ಲಿ ಹಸಿರು ಬಳೆ. ಮಂಚಕ್ಕೆ ಎದುರಾಗಿ ಒಂದು ಖಾಲಿ ಕುರ್ಚಿ. ಅವಳು ಮೇಡಂ ಕಡೆ ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದಳು: “ಮಾತಾಡೋಕೇನೂ ಇಲ್ಲ ಅಕ್ಕಾ. ನೆಮ್ಮದಿಯಾಗಿದೀನಿ.”

ಆಸ್ಪತ್ರೆಗೆ ಸೇರಿಸಿದರು. ಉಳಿದಳು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದರಂತೆ. ವಾರದ ನಂತರ ಅವಳ ತಾಯಿ ಸಾಮಾನು ಒಯ್ಯಲು ಬಂದರು. ಹೈಸ್ಕೂಲಿನಲ್ಲಿ ಗಣಿತದ ಟೀಚರು, ಇಸ್ತ್ರಿ ಮಾಡಿದ ಕಾಟನ್ ಸೀರೆ. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತಂತೆ. ಬಳೆ ಅಂಗಡಿ ಯಾವತ್ತೂ ಇರಲಿಲ್ಲ. ಅವರ ಅತ್ತೆ, ಎಂದರೆ ಸಬೀಹಾಳ ನಿಜವಾದ ದಾದಿ, ಅವಳು ಹುಟ್ಟುವ ಮೊದಲೇ ತೀರಿಹೋಗಿದ್ದರು.

“ಅಪ್ಪ ಹೋದ್ಮೇಲೆ ನನ್ ಹತ್ರ ಮನಸ್ ಬಿಚ್ಚಿ ಮಾತಾಡೋದೇ ಬಿಟ್ಬಿಟ್ಳು,” ಎಂದರು. “ನಿಮ್ ಹತ್ರ ಮಾತ್ರ ಮಾತಾಡ್ತಿದ್ಲು. ಏನ್ ಹೇಳ್ತಿದ್ಲು ಬೇಟಾ? ಏನಾದ್ರೂ ಒಂದು ಹೇಳಿ.”

ನಾನು ಅಳುತ್ತಲೇ ಹೇಳಿದೆ: “ಆಂಟಿ, ನಾನು ಆ ರೂಮ್ ಒಳಗೆ ಒಂದ್ ಸಲಾನೂ ಹೋಗಿರ್ಲಿಲ್ಲ. ಎಲ್ಲಾ ನಾನೇ ಬರ್ಕೊಂಡಿದ್ದು.”

ಅವರು ಬೈಯಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು.

“ಹಾಗಾದ್ರೆ ಬುಧವಾರ ಬುಧವಾರ ಯಾರ್ ಬರ್ತಿದ್ರು? ಐದು ಗಂಟೆಗೆ ನಾನ್ ಫೋನ್ ಮಾಡಿದ್ರೆ ‘ಅಮ್ಮೀ, ಮೇಟಕ್ಕ ಬಂದು ಕೂತಿದಾರೆ, ಆಮೇಲೆ ಮಾಡು’ ಅಂತ ಇಡ್ತಿದ್ಲು. ಹಿಂದೆ ಯಾರೋ ಮೆತ್ತಗೆ ಮಾತಾಡೋದು ನಂಗೂ ಕೇಳಿಸ್ತಿತ್ತು.”

ಆ ಹೊತ್ತಿಗೆ ನಾನು ನನ್ನ ಮಂಚದ ಮೇಲೆ ಪೆನ್ನು ಹಿಡಿದು ಕೂತಿರುತ್ತಿದ್ದೆ. ಬರೆಯುವಾಗ ಬಾಯಲ್ಲಿ ಗೊಣಗಿಕೊಳ್ಳುವ ಅಭ್ಯಾಸ ನನಗಿದೆ. ಆದರೆ ನನ್ನ ಕೋಣೆಗೂ ಅವಳ ಕೋಣೆಗೂ ನಡುವೆ ಹನ್ನೊಂದು ಬಾಗಿಲುಗಳಿದ್ದವು.

ಮರುದಿನವೇ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡು ಬಿಲ್ಲೆ ಬಿಚ್ಚಿಟ್ಟೆ. ಸಬೀಹಾಳನ್ನು ನೋಡಲು ಮಾತ್ರ ಇಷ್ಟು ವರ್ಷ ಧೈರ್ಯ ಬರಲಿಲ್ಲ. ನಮ್ಮ ಮನೆಯಿಂದ ಅವಳ ಮನೆಗೆ ಆಟೋದಲ್ಲಿ ಕಾಲು ಗಂಟೆ. ವಿಳಾಸ ಬಾಯಿಪಾಠವಾಗಿತ್ತು; ಅವಳ ಕಡತದಲ್ಲಿ ನಾನು ಕಟ್ಟದೆ ಬಿಟ್ಟ ವಿಷಯ ಅದೊಂದೇ.

ಮೊನ್ನೆ ಎಳನೀರಿನ ಗಾಡಿಯ ಪಕ್ಕದಿಂದಲೇ ಆಟೋ ಹತ್ತಿದೆ. ಬಾಗಿಲು ತೆರೆದವಳು ಸಬೀಹಾಳೇ. ಮೈ ತುಂಬಿಕೊಂಡಿದ್ದಳು. ಅಮ್ಮನ ಜೊತೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳಂತೆ, ಬೆರಳಿಗೆಲ್ಲ ಸೀಮೆಸುಣ್ಣ. ನಾನು ನಿಂತಲ್ಲೇ ಹೇಳಿದೆ: “ನಾನು ಆಗ ಒಂದ್ ಸಲಾನೂ ನಿನ್ ರೂಮಿಗೆ ಬಂದಿರ್ಲಿಲ್ಲ ಸಬೀಹಾ.”

“ಗೊತ್ತು ಅಕ್ಕಾ,” ಎಂದಳು. “ಆದ್ರೂ ಐದು ಗಂಟೆಗೆ ಕುರ್ಚಿ ಎಳೆದು ಇಡ್ತಿದ್ದೆ. ನೋಡ್ತಾ ಕೂತ್ರೆ ಅಲ್ಲಿಂದ ನಿಮ್ ದನಿ ಕೇಳಿಸೋದು. ನಂಗೆ ಅಪ್ಪ ಇದಾರೆ, ದಾದಿ ಇದಾರೆ ಅಂತಿದ್ರಿ. ಕೇಳೋಕೆ ಚೆನ್ನಾಗಿತ್ತು.” ಬೆರಳಿನ ಸುಣ್ಣ ಒರೆಸಿಕೊಂಡಳು. “ಒಂದ್ ಬುಧವಾರ ಮಾತ್ರ, ಇನ್ಮೇಲೆ ಬರಲ್ಲ ಅಂದ್ರಿ.”

ಒಳಗೆ ಕರೆದಳು. ಎದುರುಬದುರು ಕೂತೆವು. “ಅವತ್ತು ನಾನು ನಿಜವಾಗ್ಲೂ ಬಂದಿದ್ರೆ ನೀನು ಏನ್ ಹೇಳ್ತಿದ್ದೆ?” ಎಂದು ಕೇಳಿದೆ. ಅವಳ ಬಾಯಿಂದ ಏನು ಬರುತ್ತದೆಂದು ಈ ಸಲ ನನಗೆ ಗೊತ್ತಿರಲಿಲ್ಲ. ಕಾದೆ.

ಆಮೇಲೆ ಕತ್ತಲಾಗುವವರೆಗೆ ಮಾತಾಡಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ.